ಲೇತ್ ಶಾಪ್ ಪ್ರಶ್ನೋತ್ತರ: ಬಿಚ್ಚೋಕೆ ಬರೋ ಸಾಮಾನು, ಬರದೇ ಇರೋ ಸಾಮಾನು

ಹೋದ ಸಂಚಿಕೇಲಿ ಮಿಕ್ಸಿ ಜಾರಿನ ಬುಷ್ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ಬಂತು, ಈ ಸಲ ಬಂದ ಕಾಗದ, ವಾಟ್ಸಾಪ್ ಎಲ್ಲಾ ಒಂದೇ ರಾಗ. ಇದು ರಿಪೇರಿ ಆಗಲ್ಲ ಅಂತಾರೆ, ಅದರ ಸ್ಪೇರ್ ಇಲ್ಲ ಅಂತಾರೆ, ಏನ್ ಮಾಡೋದು ಹೇಳಿ ಅಂತ. ಸರಿ, ಈ ತಿಂಗಳು ಅದೊಂದೇ ವಿಷಯ. ಪಂಪ್‌ಸೆಟ್ ವೋಲ್ಟೇಜ್ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ, ನಿಮ್ಮದು ಮುಂದಿನ ಸಲ.

ಪ್ರಶ್ನೆ: ಎರಡು ವರ್ಷದ ಹಿಂದೆ 3,400 ರೂಪಾಯಿ ಕೊಟ್ಟು ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಟರಿ ಸ್ಪ್ರೇಯರ್ ತಗೊಂಡಿದ್ದೆ. ಈ ಮಳೆಗಾಲ ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯೋಣ ಅಂತ ಅಟ್ಟದಿಂದ ಇಳಿಸಿದ್ರೆ ಪಂಪ್ ಗುರ್ರ್ ಅನ್ನುತ್ತೆ, ನೀರು ಮಾತ್ರ ಬರಲ್ಲ. ಅಂಗಡಿಯವನು "ಇದನ್ನ ಬಿಚ್ಚಕ್ಕೆ ಆಗಲ್ಲ, ಹೊಸದು ತಗೊಳ್ಳಿ" ಅಂದ. ನಿಜಾನಾ?
— ಓದುಗರು, ತೀರ್ಥಹಳ್ಳಿ ತಾಲೂಕು

ಅರ್ಧ ನಿಜ, ಅರ್ಧ ಸೋಮಾರಿತನ. ಪಂಪ್ ಸದ್ದು ಮಾಡ್ತಿದೆ ಅಂದ್ರೆ ಮೋಟಾರೂ ಬ್ಯಾಟರಿನೂ ಬದುಕಿವೆ ಅಂತ ಲೆಕ್ಕ. ಹೋದ ವರ್ಷ ಬೋರ್ಡೋ ಹೊಡೆದ ಮೇಲೆ ಬರೀ ನೀರು ಹಾಕಿ ಹತ್ತು ನಿಮಿಷ ಓಡ್ಸಿದ್ರಾ? ಇಲ್ಲ ಅಲ್ವಾ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕ್ತೀವಲ್ಲ, ಆ ಸುಣ್ಣ ಪಂಪಿನ ಒಳಗಿನ ರಬ್ಬರ್ ವಾಲ್ವ್ ಮೇಲೆ ಕೂತು ಗಟ್ಟಿಯಾಗಿರುತ್ತೆ, ವಾಲ್ವ್ ಅಂಟ್ಕೊಂಡ್ರೆ ಮೋಟಾರ್ ತಿರುಗುತ್ತೆ ಆದ್ರೆ ನೀರು ಎಳೆಯಲ್ಲ. ಎರಡು ಲೀಟರ್ ನೀರಿಗೆ ಒಂದು ದೊಡ್ಡ ಲೋಟ ವಿನೆಗರ್ ಹಾಕಿ, ಟ್ಯಾಂಕಿಗೆ ತುಂಬಿ ಸ್ವಿಚ್ ಹಾಕಿ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಓಡ್ಸಿ, ಆಮೇಲೆ ಒಳ್ಳೆ ನೀರಲ್ಲಿ ತೊಳೀರಿ. ಟ್ಯಾಂಕಿನ ತಳದ ಜಾಲರಿ, ನಾಜಲ್ ಒಳಗಿನ ಜಾಲರಿ ಎರಡೂ ತೆಗೆದು ಹಲ್ಲುಜ್ಜೋ ಹಳೇ ಬ್ರಷ್ಷಲ್ಲಿ ಉಜ್ಜಿ. ಹತ್ತರಲ್ಲಿ ಆರು ಇಷ್ಟಕ್ಕೇ ಸರಿಹೋಗ್ತವೆ, ಇದು ನನ್ನ ಬೆಂಚಿನ ಲೆಕ್ಕ.

ಸರಿಹೋಗ್ಲಿಲ್ಲ ಅಂದ್ರೆ ಬಿಚ್ಚಬೇಕು, ಅಲ್ಲಿ ನಿಮ್ಮ ಅದೃಷ್ಟ ಬೇಕು. ಹೋದ ತಿಂಗಳು ನನ್ನ ಬೆಂಚ್ ಮೇಲೆ ಒಂದೇ ದಿನ ಎರಡು ಸ್ಪ್ರೇಯರ್ ಬಂದಿದ್ವು, ಎರಡೂ 16 ಲೀಟರ್, ಎರಡೂ 12 ವೋಲ್ಟ್ 8 ಆಂಪಿಯರ್-ಅವರ್ ಬ್ಯಾಟರಿ, ಹೊರಗಿಂದ ಅಣ್ಣ-ತಮ್ಮ ಇದ್ದ ಹಾಗೆ. ಮೊದಲನೇದನ್ನ ಮಗುಚಿ ಹಾಕಿದ್ರೆ ತಳದಲ್ಲಿ ನಾಲ್ಕು ಸ್ಟಾರ್ ಸ್ಕ್ರೂ, ಒಳಗೆ ಪಂಪಿಗೆ ಎರಡು ಸ್ಕ್ರೂ, ವೈರ್ ಎಲ್ಲಾ ಕೈಯಲ್ಲಿ ಎಳೆದ್ರೆ ಬರೋ ಕ್ಲಿಪ್ಪು, ಐದೇ ನಿಮಿಷಕ್ಕೆ ಪಂಪ್ ಕೈಗೆ ಬಂತು, ಹೊಸ ಡಯಾಫ್ರಂ (ನೀರು ಎಳೆದು ತಳ್ಳೋ ರಬ್ಬರ್ ಪೊರೆ) ಹಾಕಿ ಕೊಟ್ಟೆ. ಎರಡನೇದ್ರಲ್ಲಿ ತಳಾನ ಗಮ್ ಹಾಕಿ ಅಂಟಿಸಿಬಿಟ್ಟಿದ್ರು, ಹ್ಯಾಕ್ಸಾ ಬ್ಲೇಡಲ್ಲಿ ಕೊಯ್ದು ನೋಡಿದ್ರೆ ವೈರ್ ಬೆಸುಗೆ, ಪಂಪ್ ಬಾಡಿ ಎರಡು ಹೋಳೂ ಕಾಯಿಸಿ ಸೇರಿಸಿದ್ದು, ಒಳಗೆ ಹರಿದಿದ್ದು ಅದೇ ಡಯಾಫ್ರಂ, ಉಗುರಿನಷ್ಟು ರಬ್ಬರ್. ಉಳಿದಿದ್ದೆಲ್ಲಾ ಹೊಸದರ ಹಾಗಿತ್ತು, ಗುಜರಿಗೆ ಹೋಯ್ತು. ಫ್ಯಾಕ್ಟರೀಲಿ ನಾಲ್ಕು ಸ್ಕ್ರೂ ತಿರುಗಿಸೋ ಬದಲು ಒಂದು ಸಲ ಗಮ್ ಎಳೆದ್ರೆ ಅರ್ಧ ನಿಮಿಷ ಉಳಿಯುತ್ತೆ, ಆ ಅರ್ಧ ನಿಮಿಷಕ್ಕೆ ನೀವು 3,400 ಕೊಡ್ತಿದೀರಿ.

ಹಾಗಾಗಿ ಮುಂದಿನ ಸಲ ಅಂಗಡೀಲಿ ಬಣ್ಣ ನೋಡಬೇಡಿ, ಮಗುಚಿ ತಳ ನೋಡಿ. ಮತ್ತೊಂದು, ಮಳೆಗಾಲ ಮುಗಿದ ಮೇಲೆ ಬ್ಯಾಟರೀನ ಖಾಲಿ ಬಿಟ್ಟು ಅಟ್ಟಕ್ಕೆ ಹಾಕಬೇಡಿ. ಅದು ಸೀಸದ ಬ್ಯಾಟರಿ, ಖಾಲಿ ಇದ್ರೆ ಒಳಗಿನ ಪ್ಲೇಟ್ ಮೇಲೆ ಬಿಳೀ ಪದರ ಕಟ್ಟಿ ಗಟ್ಟಿಯಾಗಿ ಮತ್ತೆ ಚಾರ್ಜೇ ಹಿಡಿಯಲ್ಲ. ತಿಂಗಳಿಗೆ ಒಂದು ಸಲ ಚಾರ್ಜಿಗೆ ಹಾಕಿ.

ಪ್ರಶ್ನೆ: ಹಳೇ ಫ್ಯಾನ್ ತೆಗೆದು ಕರೆಂಟ್ ಉಳಿಸೋ ರಿಮೋಟ್ ಫ್ಯಾನ್ ಹಾಕಿಸಿದ್ವಿ, ಏಪ್ರಿಲ್ ಗುಡುಗಿಗೆ ಬೋರ್ಡ್ ಹೋಯ್ತು. ಹಳೇದೇ ಒಳ್ಳೇದಿತ್ತಾ?
— ಗೃಹಿಣಿ, ಸಾಗರ

ಹಾಗೆ ಹೇಳಕ್ಕಾಗಲ್ಲ ಅಕ್ಕಾ. ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತೆ, ಇದು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ಅಂದ್ರೆ 135 ಯೂನಿಟ್ ಉಳಿತಾಯ, ಇದು ಸಣ್ಣದಲ್ಲ. ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಫ್ಯಾನ್ ಹಾಕೋದು ಬಟ್ಟೆ ಒಣಗ್ಸೋಕೆ ಬಿಟ್ರೆ ಇನ್ನೆಂತಕ್ಕೆ, ಹಾಗಾಗಿ ನಿಮ್ಮ ಲೆಕ್ಕ ಸ್ವಲ್ಪ ಕಮ್ಮಿ ಆಗಬಹುದು. ಹಳೇ ಫ್ಯಾನಲ್ಲಿ ಹೋಗೋದು ಕೆಪ್ಯಾಸಿಟರ್, ಬೇರಿಂಗ್, ಹೆಚ್ಚಂದ್ರೆ ವೈಂಡಿಂಗ್, ಮೂರೂ ನಿಮ್ಮೂರಲ್ಲೇ ಆಗುತ್ತೆ. ಹೊಸದರಲ್ಲಿ ಜೀವ ಎಲ್ಲಾ ಆ ಬೋರ್ಡಲ್ಲಿ. ಬೋರ್ಡ್ ಬೇರೆ ಸಿಗುತ್ತಾ, ಪಿನ್ ಎಳೆದು ಹಾಕೋ ತರ ಇದೆಯಾ, ಎಷ್ಟು ರೂಪಾಯಿ, ಇದನ್ನ ಫ್ಯಾನ್ ಕೊಳ್ಳೋ ದಿನಾನೇ ಕೇಳ್ಬೇಕಿತ್ತು. ಈಗ್ಲೂ ಸರ್ವಿಸ್ ಸೆಂಟರಿಗೆ ಕೇಳಿ. ಗುಡುಗು ಶುರುವಾದ್ರೆ ಮೇನ್ ಆಫ್ ಮಾಡೋ ಅಭ್ಯಾಸ ನಮ್ಮ ಅಜ್ಜಿಗೆ ಇತ್ತು, ಅವರ ಮನೇಲಿ ಇದ್ದಿದ್ದು ಎರಡೇ ಬಲ್ಬು.

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದೀನಿ. ಸ್ನೇಹಿತನ ಜೊತೆ ಸೇರಿ ಅಡಿಕೆ ಸುಲಿಯೋ ಮಷಿನ್ ಮಾಡಿ ಮಾರೋ ಯೋಚನೆ ಇದೆ. ಮತ್ತೆ ಮತ್ತೆ ಬಳಸೋ ಹಾಗೆ, ಹಳೇದಾದ್ರೂ ಗುಜರಿಗೆ ಹೋಗದ ಹಾಗೆ ಡಿಸೈನ್ ಮಾಡೋದು ಹೇಗೆ? ಹಾಗೆ ಮಾಡಿದ್ರೆ ನಾವು ಬದುಕೋದು ಹೇಗೆ ಸಾರ್, ಒಂದು ಸಲ ತಗೊಂಡವರು ಮತ್ತೆ ಬರಲ್ವಲ್ಲ?
— ಯುವಕ, ಶಿವಮೊಗ್ಗ

ತಮ್ಮಾ, ಈ ಕಾಲಂ ಶುರು ಮಾಡಿದ ಮೇಲೆ ಬಂದ ಒಳ್ಳೇ ಪ್ರಶ್ನೆ ಇದು, ಸ್ವಲ್ಪ ಉದ್ದ ಬರೀತೀನಿ.

ಮೊದಲು ನೀನು ಕೊಯ್ಲಿನ ಟೈಮಲ್ಲಿ ಒಂದು ರಾತ್ರಿ ಯಾರದಾದ್ರೂ ಅಡಿಕೆ ಮನೇಲಿ ಕೂತು ನೋಡು. ರಾತ್ರಿ ಹತ್ತು ಗಂಟೆ, ಹಸಿ ಅಡಿಕೆ ರಾಶಿ ಬಿದ್ದಿದೆ, ಬೆಳಗಾದ್ರೆ ಬೇಯಿಸಬೇಕು, ಅಷ್ಟೊತ್ತಿಗೆ ಮಷಿನ್ ನಿಂತೋಯ್ತು. ಆ ಮನುಷ್ಯನ ಹತ್ರ ಏನಿರುತ್ತೆ? ಒಂದು 13ರ ಸ್ಪ್ಯಾನರ್, ಒಂದು 17ರ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಸುತ್ತಿಗೆ. ನಿನ್ನ ಮಷಿನ್ ಪೂರ್ತಿ ಈ ನಾಲ್ಕರಲ್ಲಿ ಬಿಚ್ಚೋಕೆ ಬರಬೇಕು. ಅಂದ್ರೆ ಎಂ8, ಎಂ10 ಎರಡೇ ಸೈಜಿನ ಬೋಲ್ಟು. ಡ್ರಾಯಿಂಗಲ್ಲಿ ಐದು ತರ ಬೋಲ್ಟ್ ಹಾಕಿದ್ರೆ ನೋಡೋಕೆ ಇಂಜಿನಿಯರ್ ಕೆಲಸದ ಹಾಗೆ ಕಾಣುತ್ತೆ, ಅಡಿಕೆ ಮನೇಲಿ ಬೈಗುಳ ಬರುತ್ತೆ.

ಎರಡನೇದು ಬೇರಿಂಗ್. 6204 ಅಂತ ಕೇಳಿದ್ರೆ ತೀರ್ಥಹಳ್ಳೀಲೂ ಅದೇ, ಟೋಕಿಯೋದಲ್ಲೂ ಅದೇ, ಒಳಗೆ 20, ಹೊರಗೆ 47, ದಪ್ಪ 14 ಮಿಲಿಮೀಟರ್, ಯಾವ ಕಂಪನಿಯದ್ದಾದ್ರೂ ಕೂರುತ್ತೆ. (ಕೊನೇ ಎರಡು ಅಂಕೀನ ಐದರಿಂದ ಗುಣಿಸಿದ್ರೆ ಒಳಗಿನ ಅಳತೆ ಬರುತ್ತೆ, 04ರಿಂದ ಮೇಲೆ. ನಿಮಗೆ ಕಾಲೇಜಲ್ಲಿ ಹೇಳಿರ್ತಾರೆ, ನನಗೆ ಹೇಳಿಕೊಟ್ಟಿದ್ದು ಆಟೋ ಕಾಂಪ್ಲೆಕ್ಸಲ್ಲಿ ಬೇರಿಂಗ್ ಅಂಗಡಿ ಹುಡುಗ.) ಮತ್ತೆ ಬಳಸೋದು ಅಂದ್ರೆ ಅರ್ಧ ಭಾಗ ಇದೇ, ಎಲ್ಲರೂ ಒಪ್ಪಿದ ಅಳತೆ. ಪ್ರೇಮಿಗೆ ವೆಲ್ಡ್ ಮಾಡಿದ ಹೌಸಿಂಗ್ ಒಳಗೆ ಬೇರಿಂಗ್ ಬಡಿದು ಕೂರಿಸಬೇಡ, ಎರಡು ಬೋಲ್ಟಲ್ಲಿ ಕೂರೋ ಬೇರಿಂಗ್ ಬ್ಲಾಕ್ ಹಾಕು, ಸವೆದ್ರೆ ಬ್ಲಾಕೇ ಬದಲು. ಅಯ್ಯೋ, ಪ್ರೇಮಿ ಅಂತ ಬರೆದುಬಿಟ್ಟೆ, ಫ್ರೇಮು! ಇರಲಿ ಬಿಡಿ, ಓದುವಾಗ ನಗ್ತೀರಿ.

ಮೂರನೇದು, ನಮ್ಮ ಊರಿಗೇ ಸೇರಿದ್ದು: ಚೊಗರು. ಹಸಿ ಅಡಿಕೆ ಸುಲಿಯುವಾಗ ಇಳಿಯೋ ರಸ ಕಬ್ಬಿಣಕ್ಕೆ ತಾಗಿದ್ರೆ ಕಪ್ಪಾಗಿ ತಿನ್ನುತ್ತೆ, ಬಟ್ಟೆ ಮೇಲೆ ಬಿದ್ರೆ ಜನ್ಮಕ್ಕೆ ಹೋಗಲ್ಲ ಅಂತ ಗೊತ್ತಲ್ಲ, ಹಾಗೇ. ಬೇರಿಂಗ್‌ಗಳನ್ನ ಬ್ಲೇಡಿನ ಕೆಳಗೆ ಇಟ್ರೆ ಎರಡು ಸೀಸನ್‌ಗೆ ಗ್ರೀಸೆಲ್ಲಾ ಕೆಟ್ಟು ಕೀರ್ ಅನ್ನೋಕೆ ಶುರು. ಪಕ್ಕಕ್ಕೆ ಇಡು, ರಸ ಬೀಳೋ ಜಾಗಕ್ಕೆ ಒಂದು ಸ್ಟೇನ್‌ಲೆಸ್ ತಟ್ಟೆ ಕೊಡು, ಅದೂ ತೆಗೆದು ತೊಳೆಯೋ ತರ.

ಇನ್ನು ಸವೆಯೋ ಜಾಗ ಯಾವುದು, ಸವೆಯದ ಜಾಗ ಯಾವುದು ಅಂತ ಪೆನ್ಸಿಲ್ ಹಿಡಿದಾಗಲೇ ಬೇರೆ ಮಾಡ್ಕೋ. ಎಲ್ಲಾನೂ ನೂರು ವರ್ಷಕ್ಕೆ ಮಾಡೋಕೆ ಹೋಗಬೇಡ, ತೂಕ ಜಾಸ್ತಿ ಆಗುತ್ತೆ, ರೇಟೂ ಏರುತ್ತೆ. ಬ್ಲೇಡ್ ಸವೀಬೇಕು, ಅದು ಅಗ್ಗ ಇರಬೇಕು. ಕಲ್ಲು ಸಿಕ್ಕಿದ್ರೆ ಬೆಲ್ಟ್ ಜಾರಬೇಕು, ಶಾಫ್ಟ್ ಮುರೀಬಾರದು. ಶಾಫ್ಟಲ್ಲಿ ಸವೆಯೋ ಕಡೆ ಮೊದಲೇ ಒಂದು ಸ್ಲೀವ್ (ಕೊಳವೆ ತರದ ಕವಚ) ಹಾಕಿದ್ರೆ ಶಾಫ್ಟ್ ಹಾಗೇ ಉಳಿದು ಸ್ಲೀವ್ ಮಾತ್ರ ಹೋಗುತ್ತೆ. ಹಳೇ ಇಂಜಿನ್ ಮಾಡಿದವರು ಇದನ್ನ ಎಷ್ಟು ಚೆನ್ನಾಗಿ ಯೋಚಿಸಿದ್ರು ನೋಡು, ಸಿಲಿಂಡರ್ ಸವೆದ್ರೆ ಬೋರಿಂಗ್ ಹಾಕ್ಸಿ (ಒಳಗಡೆ ಸ್ವಲ್ಪ ಕೊರೆದು ದೊಡ್ಡದು ಮಾಡಿಸಿ) 0.25 ಮಿಲಿಮೀಟರ್ ದೊಡ್ಡ ಪಿಸ್ಟನ್, ಮತ್ತೆ ಸವೆದ್ರೆ 0.50, ಅಂದ್ರೆ ಗೋಡೇಲಿ ಅಷ್ಟು ಕಬ್ಬಿಣಾನ ಮುಂದಿನ ಎರಡು-ಮೂರು ಜನ್ಮಕ್ಕೆ ಅಂತ ಮೊದಲೇ ಬಿಟ್ಟಿರ್ತಾ ಇದ್ರು. ನಾನು ಮೂವತ್ತು ವರ್ಷ ಅನ್ನ ತಿಂದಿದ್ದು ಆ ಕಾಲು ಮಿಲಿಮೀಟರಲ್ಲಿ.

ಈಗ ನಿನ್ನ ಹೊಟ್ಟೆ ಪಾಡಿನ ಪ್ರಶ್ನೆ. ನೀನು ಮಷಿನ್ ಮಾರಿ ಮರೆತುಬಿಡೋನು ಆದ್ರೆ ಹೌದು, ಗಟ್ಟಿ ಮಷಿನ್ ಮಾಡಿದ್ರೆ ನಿನಗೇ ನಷ್ಟ. ವಾಪಸ್ ತಗೊಳ್ಳೋನು ಆದ್ರೆ ಲೆಕ್ಕಾನೇ ಬೇರೆ. ಫ್ರಾನ್ಸಲ್ಲಿ ರೆನೋ ಕಂಪನಿ ಪ್ಯಾರಿಸ್ ಪಕ್ಕದ ಶುವಾಸಿ-ಲ-ರುವಾ ಅನ್ನೋ ಊರಲ್ಲಿ 1949ರಿಂದ ಹಳೇ ಇಂಜಿನ್, ಗೇರ್‌ಬಾಕ್ಸ್ ವಾಪಸ್ ತಂದು, ಪೂರ್ತಿ ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ ಗ್ಯಾರಂಟಿ ಕೊಟ್ಟು ಮಾರ್ತಿತ್ತು. ಜೆಸಿಬಿ ತರದ ದೊಡ್ಡ ಮಷಿನ್ ಮಾಡೋ ಅಮೆರಿಕದ ಕ್ಯಾಟರ್‌ಪಿಲ್ಲರ್ 1973ರಲ್ಲಿ ಈ ಕೆಲಸ ಶುರು ಮಾಡಿತು, ಇವತ್ತಿಗೂ ಮಾಡ್ತಿದೆ. ಧರ್ಮಕ್ಕೆ ಮಾಡ್ತಿಲ್ಲ, ಎರಕ ಹೊಯ್ದು ಮಷಿನಿಂಗ್ ಮಾಡಿದ ಆ ದೊಡ್ಡ ಬ್ಲಾಕ್ ಮತ್ತೆ ಕೈಗೆ ಸಿಕ್ಕಿದ್ರೆ ಅದರ ಖರ್ಚು ಇನ್ನೊಂದು ಸಲ ಹಾಕೋದೇ ಬೇಡ, ಅದಕ್ಕೆ. ಹಳೇದು ವಾಪಸ್ ಬರೋಕೆ ಉಪಾಯ ಏನಂದ್ರೆ ನಮ್ಮ ಬ್ಯಾಟರಿ ಅಂಗಡಿಯವರು ಮಾಡೋದೇ, ಹಳೇ ಬ್ಯಾಟರಿ ತಂದ್ರೆ ಇಷ್ಟು ಕಮ್ಮಿ, ತರದಿದ್ರೆ ಪೂರ್ತಿ ರೇಟು.

ನೀನೂ ಪ್ರತಿ ಮಷಿನ್‌ಗೂ ನಂಬರ್ ಪಂಚ್ ಮಾಡು, ಸ್ಟಿಕ್ಕರ್ ಅಂಟಿಸಬೇಡ, ಒಂದೇ ಮಳೆಗಾಲಕ್ಕೆ ಕಿತ್ತೋಗುತ್ತೆ. ಒಂದು ಬುಕ್ಕಲ್ಲಿ ಯಾವ ನಂಬರಿಗೆ ಯಾವ ವರ್ಷ ಏನು ಬದಲಾಯಿಸಿದೆ ಅಂತ ಬರಿ. ಆರು ಸೀಸನ್ ಆದ ಮೇಲೆ ವಾಪಸ್ ತಗೊಂಡು, ಫ್ರೇಮ್ ಉಜ್ಜಿ ಬಣ್ಣ ಹೊಡೆದು, ಬ್ಲೇಡ್, ಬೇರಿಂಗ್, ಬೆಲ್ಟ್ ಹೊಸದು ಹಾಕಿ ಸಣ್ಣ ಹಿಡುವಳಿಯವರಿಗೆ ಕಮ್ಮಿ ರೇಟಿಗೆ ಕೊಡು. ಮಳೆಗಾಲದಲ್ಲಿ ನಿನಗೆ ಹೊಸ ಆರ್ಡರ್ ಇರಲ್ಲ, ಆ ಮೂರು ತಿಂಗಳು ಹುಡುಗರಿಗೆ ಇದೇ ಕೆಲಸ. ಡ್ರಾಯಿಂಗ್ ಬಚ್ಚಿಡಬೇಡ, ಮಷಿನ್ ಜೊತೆಗೇ ಸ್ಪೇರ್ ಪಟ್ಟಿ ಕೊಟ್ಟುಬಿಡು. ಪಕ್ಕದವನು ಕಾಪಿ ಹೊಡೀತಾನೆ ಅಂತೀಯಾ, ಅವನು ಡ್ರಾಯಿಂಗ್ ಇಲ್ದೇನೂ ಹೊಡೀತಾನೆ.

ಪ್ರಶ್ನೆ: ಕಬ್ಬಿಣ ಹೇಗಿದ್ರೂ ಕರಗಿಸ್ತಾರೆ, ಪ್ಲಾಸ್ಟಿಕ್ಕೂ ರೀಸೈಕಲ್ ಆಗುತ್ತೆ. ಮತ್ತೆ ರಿಪೇರಿ, ಮರುಬಳಕೆ ಅಂತ ಯಾಕೆ ಇಷ್ಟು ತಲೆಬಿಸಿ?
— ನಿವೃತ್ತ ನೌಕರರು, ಭದ್ರಾವತಿ

ನೀವು ಭದ್ರಾವತಿಯವರಾಗಿ ಈ ಪ್ರಶ್ನೆ ಕೇಳಬಹುದಾ ಮಾರಾಯ್ರೆ! 1923ರಲ್ಲಿ ಶುರುವಾದ ನಿಮ್ಮೂರ ಕಬ್ಬಿಣದ ಕಾರ್ಖಾನೆಗೆ ಮೊದಲು ಸುರಿದಿದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಮರ ಸುಟ್ಟ ಇದ್ದಿಲು. ಕಬ್ಬಿಣ ಕರಗೋಕೆ ಏನು ಖರ್ಚಾಗುತ್ತೆ ಅಂತ ನಿಮ್ಮ ಹಿರಿಯರಿಗೆ ಗೊತ್ತಿತ್ತು. ಉಕ್ಕು ಕರಗೋಕೆ 1,500 ಡಿಗ್ರಿ ಹತ್ತಿರ ಬೇಕು, ಒಂದು ಗೇರ್ ಕರಗಿಸಿದ್ರೆ ಸಿಗೋದು ಕಬ್ಬಿಣದ ಮುದ್ದೆ, ಅದಕ್ಕೆ ಹಲ್ಲು ಕೊಯ್ದ ಕೆಲಸ, ಹದ ಹಾಕಿದ ಕೆಲಸ ಎಲ್ಲಾ ನೀರಲ್ಲಿ ಹೋಮ. ಇನ್ನೊಂದು ಸೂಕ್ಷ್ಮ ಇದೆ. ಮೋಟಾರನ್ನ ವೈಂಡಿಂಗ್ ಸಮೇತ ಹಾಗೇ ಕುಲುಮೆಗೆ ಹಾಕಿದ್ರೆ ತಾಮ್ರ ಉಕ್ಕಲ್ಲಿ ಬೆರೆತುಹೋಗುತ್ತೆ, ಆಮೇಲೆ ಅದನ್ನ ಬೇರೆ ಮಾಡೋಕೆ ಬರಲ್ಲ, ಆ ಉಕ್ಕನ್ನ ಕಾಯಿಸಿ ರೋಲ್ ಮಾಡುವಾಗ ಮೇಲ್ಮೈ ಬಿರುಕು ಬಿಡುತ್ತೆ. ಹಾಗಾಗಿ ರೀಸೈಕಲ್ ಚೆನ್ನಾಗಿ ಆಗಬೇಕಂದ್ರೂ ಮೊದಲು ಬಿಚ್ಚೋಕೆ ಬರಬೇಕು. ಗಮ್ ಹಾಕಿ ಅಂಟಿಸಿದ್ದು ರಿಪೇರಿಗೂ ಇಲ್ಲ, ಕುಲುಮೆಗೂ ಇಲ್ಲ. ಪ್ಲಾಸ್ಟಿಕ್ ಕಥೆ ಇನ್ನೂ ಕಷ್ಟ, ಶಾಂಪೂ ಸ್ಯಾಚೆ ಒಂದನ್ನ ತಗೊಂಡ್ರೆ ಎರಡು-ಮೂರು ತರದ ಪದರ ಒಂದಕ್ಕೊಂದು ಅಂಟಿರುತ್ತೆ, ಯಾವ ಗುಜರಿಯವನೂ ಮುಟ್ಟಲ್ಲ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಿಂದ ಮದುವೆ, ಗೃಹಪ್ರವೇಶಕ್ಕೆ ಅಡಿಕೆ ಹಾಳೆ ತಟ್ಟೆ ಮಾಡಿ ಕೊಡೋದಾ, ಇಲ್ಲ ಸ್ಟೀಲ್ ತಟ್ಟೆ ಬಾಡಿಗೆಗೆ ಕೊಡೋದಾ ಅಂತ ಚರ್ಚೆ. ನಿಮ್ಮ ಅಭಿಪ್ರಾಯ?
— ಸಂಘದ ಸದಸ್ಯೆ, ಹೊಸನಗರ

ಹಾಳೆ ತಟ್ಟೆ ತೋಟದಲ್ಲಿ ಬಿದ್ದಿದ್ದರಿಂದ ಆಗುತ್ತೆ, ಮಣ್ಣಿಗೆ ಹೋಗುತ್ತೆ, ಥರ್ಮಾಕೋಲಿಗಿಂತ ಸಾವಿರ ಪಾಲು ವಾಸಿ. ಆದ್ರೆ ರಫ್ತು ನಂಬ್ಕೊಂಡು ಸಾಲ ಮಾಡಬೇಡಿ, 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ-ಔಷಧ ಇಲಾಖೆ (ಎಫ್‌ಡಿಎ) ಅಡಿಕೆ ಹಾಳೆ ತಟ್ಟೆ ಊಟಕ್ಕೆ ಬಳಸೋ ಹಾಗಿಲ್ಲ ಅಂತ ಆಮದಿಗೆ ತಡೆ ಹಾಕಿದೆ. ನನ್ನ ಓಟು ಸ್ಟೀಲಿಗೆ. ಬೆಂಗಳೂರಲ್ಲಿ ಅದಮ್ಯ ಚೇತನ ಅನ್ನೋ ಸಂಸ್ಥೆಯವರು ಪ್ಲೇಟ್ ಬ್ಯಾಂಕ್ ಅಂತ ಇದನ್ನೇ ಮಾಡ್ತಿದ್ದಾರೆ.

ಆದ್ರೆ ಅಕ್ಕಾ, ಇಲ್ಲಿ ಗೆಲ್ಲೋದು ತಟ್ಟೆ ಅಲ್ಲ, ವಾಪಸ್ ಬರೋ ದಾರಿ. ನಿಮ್ಮ ಅಡುಗೆ ಮನೆ ಗ್ಯಾಸ್ ಸಿಲಿಂಡರ್ ನೋಡಿ, 14.2 ಕೆಜಿ, ಹೆಚ್ಚಿನ ಮನೇಲಿ ಒಂದೇ ಅಳತೆ, ಡೆಪಾಸಿಟ್ ಕೊಟ್ಟಿರ್ತೀರಿ, ಖಾಲಿ ಕೊಟ್ರೇನೇ ತುಂಬಿದ್ದು. ಅದರ ಕುತ್ತಿಗೆ ಪಟ್ಟಿ ಒಳಗೆ ಬಿ-27 ಅಂತ ಏನಾದ್ರೂ ಬರೆದಿದ್ರೆ 2027ರ ಏಪ್ರಿಲ್-ಜೂನ್ ಒಳಗೆ ಮತ್ತೆ ಟೆಸ್ಟಿಗೆ ಹೋಗಬೇಕು ಅಂತ ಅರ್ಥ. ಗೋಲಿ ಸೋಡಾನೂ ಹಾಗೇ, 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಅನ್ನೋನು ಮಾಡಿದ ಬಾಟ್ಲಿ, ಗ್ಯಾಸಿನ ಒತ್ತಡಕ್ಕೆ ಗೋಲಿನೇ ಮುಚ್ಚಳ, ಬಿಸಾಕೋಕೆ ಏನೂ ಇಲ್ಲ, ಕುಡಿದು ಅಲ್ಲೇ ಇಟ್ಟು ಹೋಗ್ತೀವಿ. ನೀವೂ ತಟ್ಟೆ, ಲೋಟ ಎಲ್ಲಾ ಒಂದೇ ಸೈಜಿಂದು ತಗೊಳ್ಳಿ, ಒಂದರೊಳಗೊಂದು ಕೂರಬೇಕು, ಸಂಘದ ಹೆಸರು ಕೆತ್ತಿಸಿ, 25ರ ಕಟ್ಟು ಮಾಡಿ ಎಣಿಸಿ ಕೊಡಿ, ಕಳೆದಿದ್ದಕ್ಕೆ ಡೆಪಾಸಿಟಲ್ಲಿ ಹಿಡೀರಿ, ನೆಂಟರು ಅಂತ ಮುಲಾಜು ನೋಡಬೇಡಿ. ಅಂಚು ಮಡಚಿದ ತಟ್ಟೆ ತಗೊಳ್ಳೋ ಮುಂಚೆ ಆ ಮಡಿಕೆ ಒಳಗೆ ನೀರು ನಿಲ್ಲುತ್ತಾ ನೋಡಿ, ನಮ್ಮ ಮಳೆಗಾಲಕ್ಕೆ ಅದು ಒಣಗೋದೇ ಇಲ್ಲ, ವಾಸನೆ ಬರುತ್ತೆ.

ಪ್ರಶ್ನೆ: ರಿಪೇರಿ ಮಾಡಿಕೊಡಲೇಬೇಕು ಅಂತ ಕಾನೂನು ಇದೆಯಾ?
— ಓದುಗರು, ಶಿಕಾರಿಪುರ

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ, ಕೃಷಿ ಯಂತ್ರ, ಮೊಬೈಲು, ಮನೆ ಸಾಮಾನು, ವಾಹನ ಈ ನಾಲ್ಕು ವಿಭಾಗ ಹಿಡ್ಕೊಂಡು. ಅದರಲ್ಲಿ ಕಂಪನಿಗಳ ಮ್ಯಾನುಯಲ್, ಸರ್ವಿಸ್ ಸೆಂಟರ್ ವಿವರ ಸಿಗುತ್ತೆ, ನೋಡಿ. ಫ್ರಾನ್ಸಲ್ಲಿ 2021ರಲ್ಲಿ ಫೋನು, ಟಿವಿ, ವಾಷಿಂಗ್ ಮಷಿನ್ ಮೇಲೆ ರಿಪೇರಿಗೆ ಹತ್ತಕ್ಕೆ ಎಷ್ಟು ಮಾರ್ಕು ಅಂತ ಅಂಗಡೀಲೇ ಬರೆದಿರಬೇಕು ಅಂತ ನಿಯಮ ತಂದಿದ್ರು. ಯುರೋಪಲ್ಲಿ 2027ರ ಫೆಬ್ರವರಿಯಿಂದ ಸಣ್ಣ ಉಪಕರಣಗಳ ಬ್ಯಾಟರೀನ ಬಳಸೋರೇ ತೆಗೆಯೋ ಹಾಗಿರಬೇಕು ಅಂತ ನಿಯಮ ಬರ್ತಿದೆ. ಅಲ್ಲಿಗೆ ಸ್ಕ್ರೂ ಹಾಕಿ ಕಳಿಸಿ ನಮಗೆ ಗಮ್ ಹಾಕಿ ಕಳಿಸ್ತಾರಾ ನೋಡೋಣ.

ಪ್ರಶ್ನೆ: ಅಜ್ಜನ ಕಾಲದ ಹಂಚಿನ ಮನೆ ತೆಗೆದು ಆರ್‌ಸಿಸಿ ಕಟ್ಟಿಸ್ತಿದೀವಿ. ಗುತ್ತಿಗೆದಾರರು ಜೆಸಿಬಿ ಹಾಕಿ ಒಂದೇ ದಿನಕ್ಕೆ ಮುಗಿಸ್ತೀನಿ ಅಂತಾರೆ. ಬಿಚ್ಚಿ ತೆಗೆಸಿದ್ರೆ ಲಾಭ ಇದೆಯಾ?
— ಓದುಗರು, ಸಾಗರ ತಾಲೂಕು

ಜೆಸಿಬಿಯವನನ್ನ ವಾಪಸ್ ಕಳಿಸಿ, ಇವತ್ತೇ ಫೋನ್ ಮಾಡಿ.

ನಮ್ಮ ತಾಯಿ ತವರು ಶರಾವತಿ ದಂಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯೋ ಮುಂಚೆ ಊರು ಬಿಡಬೇಕಾಗಿ ಬಂದಾಗ ನಮ್ಮ ಅಜ್ಜ ಮನೇನ ಬಿಚ್ಚಿ ತಂದ್ರು. ಉತ್ಪ್ರೇಕ್ಷೆ ಅಲ್ಲ, ಬಿಚ್ಚೇ ತಂದ್ರು. ಹಂಚಿಗೆ ಮೊಳೆ ಇಲ್ಲ, ಹಿಂದಿನ ಹಲ್ಲು ರೀಪಿಗೆ ಕೊಕ್ಕೆ ಹಾಕಿದ ಹಾಗೆ ಕೂರುತ್ತೆ, ಪಕ್ಕದ ಹಂಚಿನ ತೋಡಿಗೆ ಇದರ ಅಂಚು ಕೂರುತ್ತೆ, ಎತ್ತಿದ್ರೆ ಬಂತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಅದೇ ಡಿಸೈನು. ಕಂಬ, ತೊಲೆ, ಜಂತಿ ಎಲ್ಲಾ ತೂತಿಗೆ ನಾಲಗೆ ಕೂರಿಸಿ ಮರದ ಬೆಣೆ ಹೊಡೆದಿದ್ದು, ಬೆಣೆ ಹಿಂದಿನಿಂದ ತಟ್ಟಿದ್ರೆ ಸಂದು ಬಿಡುತ್ತೆ. ಆಚಾರ್ರು ಬಿಚ್ಚೋ ಮುಂಚೆ ಪ್ರತಿ ಸಂದಿನ ಎರಡೂ ಕಡೆ ಉಳೀಲಿ ಗೀಟು ಹಾಕಿದ್ರಂತೆ, ಪೂರ್ವದ ಮೂಲೆಯಿಂದ ಒಂದು ಗೀಟು, ಎರಡು ಗೀಟು, ಹೀಗೆ, ಹೊಸ ಜಾಗದಲ್ಲಿ ಗೀಟಿಗೆ ಗೀಟು ಹೊಂದಿಸಿ ನಿಲ್ಲಿಸಿದ್ರು. ಆ ಮನೆ ಈಗಿಲ್ಲ, ಆದ್ರೆ ಒಂದು ತೊಲೆ ನನ್ನ ಶೆಡ್ಡಲ್ಲಿದೆ, ಚೈನ್ ಬ್ಲಾಕ್ ನೇತುಹಾಕಿರೋದು ಅದಕ್ಕೇ, ಐದು ಗೀಟು ಇನ್ನೂ ಬೆರಳಿಗೆ ಸಿಗುತ್ತೆ.

ನೀವು ಆರ್‌ಸಿಸಿ ಕಟ್ಟಿಸೋದು ಬೇಡ ಅನ್ನಲ್ಲ, ಆದ್ರೆ ಹೊಸ ಮನೆ ಬಾಗಿಲು, ಕಿಟಕಿ, ಮುಂದಿನ ಜಗಲಿ, ಹಿಂದಿನ ಕೊಟ್ಟಿಗೆ ಮಾಡಿಗೆ ಹಳೇ ಮರ, ಹಂಚು ಆಗುತ್ತೆ. ಮಾರೋದಾದ್ರೆ ಹಳೇ ಮರಕ್ಕೆ ಗಿರಾಕಿ ಇದ್ದಾರೆ, ಸಾಗಿಸೋ ಮುಂಚೆ ಅರಣ್ಯ ಇಲಾಖೆ ಆಫೀಸಲ್ಲಿ ಒಂದು ಮಾತು ಕೇಳ್ಕೊಳ್ಳಿ. ಬಿಚ್ಚೋಕೆ ಜೆಸಿಬಿಗಿಂತ ಕೂಲಿ ಜಾಸ್ತಿ ಬೀಳುತ್ತೆ, ದಿನಾನೂ ಜಾಸ್ತಿ, ಅದು ನಿಜ. ವಯಸ್ಸಾದ ಆಚಾರ್ರು ಒಬ್ಬರನ್ನ ಕರ್ಕೊಳ್ಳಿ, ಎಲ್ಲಿ ಬೆಣೆ ಇದೆ ಅಂತ ನೋಡಿದ ತಕ್ಷಣ ಹೇಳ್ತಾರೆ. ಮೊದಲು ಮೊಬೈಲಲ್ಲಿ ಫೋಟೋ, ಆಮೇಲೆ ಎಣ್ಣೆ ಬಣ್ಣದಲ್ಲಿ ನಂಬರ್, ಸೀಮೆಸುಣ್ಣ ಬೇಡ. ಗೆದ್ದಲು ಹತ್ತಿದ ತುದಿ ಅಲ್ಲೇ ಕೊಯ್ದು ಬೇರೆ ಹಾಕಿ. ಹಂಚನ್ನ ಮೇ ಒಳಗೆ ಇಳಿಸಿ, ನೆಲಕ್ಕೆ ಎರಡು ರೀಪು ಹಾಕಿ ಅದರ ಮೇಲೆ ನಿಲ್ಲಿಸಿ ಜೋಡಿಸಿ, ಮಲಗಿಸಿ ಪೇರಿಸಿದ್ರೆ ಕೆಳಗಿನ ಸಾಲು ಒಡೆಯುತ್ತೆ.